ನಲವತ್ತು ಹೆಸರಿಗೆ ಒಂದೇ ಸೀಟು

೧. ಮೌನಾಚರಣೆ

ಕಾರ್ಡಿನ ಮೇಲಿನ ಒಂದು ಪದವನ್ನು ಹೊಡೆದುಹಾಕುವ ಮುಂಚೆ ನಮ್ಮ ಸಾರ್ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, ಎದ್ದು ನಿಲ್ಲುತ್ತಾರೆ. ಅರ್ಧ ನಿಮಿಷ ಸುಮ್ಮನಿರುತ್ತಾರೆ. ಆಮೇಲೆ ಕೂತು ಕೆಂಪು ಗೀಟು ಎಳೆಯುತ್ತಾರೆ.

ನುಂಗಂಬಾಕ್ಕಂನ ಹಳೆಯ ಮನೆಯೊಂದರ ಮಹಡಿಯಲ್ಲಿ ಲ್ಯಾಟಿನ್–ಕನ್ನಡ ನಿಘಂಟು ತಯಾರಾಗುತ್ತಿದೆ ಅಂದರೆ ಕೇಳಿದವರು ನಗುತ್ತಾರೆ. ಒಳಗಿರುವ ನಾವು ಮೂವರು ನಗುವುದಿಲ್ಲ. ಆದರೂ ನಗುವಂಥದ್ದು ವಾರಕ್ಕೊಂದು ನಡೆದೇ ತೀರುತ್ತದೆ. ಸಾರ್ ಕಾಲೇಜಿನಲ್ಲಿ ಲ್ಯಾಟಿನ್ ಪಾಠ ಹೇಳಿ ರಿಟೈರ್ ಆದವರು. ಮೇಡಂ ರೈಲ್ವೆಯಲ್ಲಿ ರಿಸರ್ವೇಶನ್ ಚಾರ್ಟ್ ನೋಡಿಕೊಂಡು ರಿಟೈರ್ ಆದವರು, ಕನ್ನಡ ಅರ್ಥಗಳೆಲ್ಲ ಅವರ ಪಾಲು. ಇಬ್ಬರ ಕಾರ್ಡುಗಳನ್ನೂ ಲ್ಯಾಪ್‌ಟಾಪಿಗೆ ಏರಿಸುವವಳು ನಾನು.

ಒಂದು ಮಧ್ಯಾಹ್ನ ಸಾರ್ ಹೀಗೆ ನಿಂತಿರುವಾಗಲೇ ಕೊರಿಯರ್‌ನವನು ಬಂದ. ಅವರ ಮುಖ ನೋಡಿ ಹೆಲ್ಮೆಟ್ ತೆಗೆದು ತಾನೂ ತಲೆ ತಗ್ಗಿಸಿ ನಿಂತ. ಸಹಿ ಹಾಕಿಸಿಕೊಳ್ಳುವಾಗ, ಹೋದವರು ತೀರಾ ಹತ್ತಿರದವರಾ ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದ.

ಸಾರ್ ನಿಟ್ಟುಸಿರು ಬಿಟ್ಟು ಹೇಳಿದರು: "ಇಲ್ಲಪ್ಪಾ. ಒಂದು ಕ್ರಿಯಾಪದ."

೨. ವೇಟಿಂಗ್ ಲಿಸ್ಟ್

ಲ್ಯಾಟಿನ್ ಹಾಸ್ಯ ನಾಟಕಗಳಲ್ಲಿ ನಾಟಕಕಾರರು ತಾವೇ ಕಟ್ಟಿದ ಹೆಸರುಗಳಿರುತ್ತವೆ. ಜಂಬದ ಸಿಪಾಯಿಗೆ ಅರ್ಧ ಸಾಲಿನಷ್ಟು ಉದ್ದದ ಹೆಸರು, ಹೊಟ್ಟೆಬಾಕನಿಗೆ ಅಡುಗೆಮನೆಯ ವಾಸನೆ ಬರುವ ಹೆಸರು. ಇಂಥ ನಲವತ್ತು ಹೆಸರುಗಳಿಗೆ ಸಾರ್ ಹನ್ನೊಂದು ವರ್ಷದಲ್ಲಿ ಕಾರ್ಡು ಬರೆದಿದ್ದರು. ಅವು ನಿಘಂಟಿನಲ್ಲಿ ಇರಬೇಕು ಎಂಬುದು ಅವರ ಒಂದೇ ಆಸೆ. ಹೆಸರಿನ ಅರ್ಥ ಗೊತ್ತಾಗದೆ ಓದುವವರು ನಗುವುದು ಹೇಗೆ, ಗೊತ್ತಾಗಬೇಕಾದರೆ ಅವರು ಹುಡುಕುವುದು ಎಲ್ಲಿ ಎಂದು ಕೇಳುತ್ತಿದ್ದರು.

ಮೇಡಂ ಒಪ್ಪಲಿಲ್ಲ. ನಿಘಂಟಿನಲ್ಲಿ ಪದ ಇರಬೇಕು, ಮನುಷ್ಯರು ಬಂದು ಕೂತರೆ ಅದು ಚಾರ್ಟ್ ಆಗುತ್ತದೆ ಎಂದರು. ನಲವತ್ತು ಕಾರ್ಡನ್ನೂ ಬಿಸ್ಕೆಟ್ ಡಬ್ಬಿಗೆ ಹಾಕಿ, ಮೇಲೆ 'ವೇಟಿಂಗ್ ಲಿಸ್ಟ್' ಎಂದು ಚೀಟಿ ಅಂಟಿಸಿದರು.

ಒಂದು ಪಾತ್ರಕ್ಕೋಸ್ಕರ ಸಾರ್ ಬಹಳ ಬೇಡಿಕೊಂಡರು. ಇಡೀ ನಾಟಕದಲ್ಲಿ ಅವನ ಹೆಸರು ಒಂದೇ ಸಲ ಬರುತ್ತದೆ, ಅದೂ ಇನ್ಯಾರೋ ಕೂಗಿದಾಗ. ಇಲ್ಲೂ ಜಾಗ ಸಿಗದಿದ್ದರೆ ಪಾಪ ಅವನಿಗೆ ಬೇರೆಲ್ಲಿದೆ ಎಂದರು.

"ಕೂಗಿದಾಗ ಬಂದನಾ ಸಾರ್?" ಎಂದರು ಮೇಡಂ.

"ಇಲ್ಲ ಮೇಡಂ. ಬರೋದೇ ಇಲ್ಲ."

"ಹಾಗಾದರೆ ನೋ ಶೋ," ಎಂದು ಮೇಡಂ ಡಬ್ಬಿಯ ಮುಚ್ಚಳ ಹಾಕಿದರು.

೩. ಪಾಟಿಯ ತೀರ್ಪು

ಮಾಧವರಂನಲ್ಲಿರುವ ನಮ್ಮ ಮನೆಯಲ್ಲಿ ಈ ಜಗಳದ ವಿಷಯ ಹೇಳಿದೆ. ಪಾಟಿ, ಅಂದರೆ ನಮ್ಮಜ್ಜಿ, ಬೀನ್ಸ್ ನಾರು ತೆಗೆಯುತ್ತಾ ಕೇಳಿಸಿಕೊಂಡರು. ಸಿಪಾಯಿಯ ಹೆಸರಿನ ಅರ್ಥ ಹೇಳಿದ್ದಕ್ಕೆ, ನಿನ್ನ ದೊಡ್ಡಮಾವನ ಹಾಗೇ ಇದ್ದಾನೆ ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಪೆರುಮಾಳ್ ದೇವರಿಗೆ ಸಾವಿರ ಹೆಸರು ಇದೆ ಕಣೇ. ಜಾಸ್ತಿ ಆಯ್ತು ಅಂತ ಯಾರಾದರೂ ಒಂದನ್ನ ತೆಗೆದಿದ್ದಾರಾ?" ಅಂದರು.

ಆಫೀಸಿನಲ್ಲಿ ನಾನಾಗಿ ಬಾಯಿ ಬಿಡುವವಳಲ್ಲ. ಮಾರನೆಯ ದಿನ ಧೈರ್ಯ ಮಾಡಿ ಪಾಟಿಯ ಮಾತನ್ನು ಹಾಗೇ ಒಪ್ಪಿಸಿದೆ. ಸಾರ್ ಮುಖ ಅರಳಿತು. ಮೇಡಂ ಭಕ್ತಿಯಿಂದ ಕೆನ್ನೆ ಮುಟ್ಟಿಕೊಂಡರು.

"ದೇವರ ವಿಷಯ ಬೇರೆ," ಎಂದರು. "ಅವರದು ಕನ್ಫರ್ಮ್ಡ್."

೪. ಕೊನೆಯ ಚಾರ್ಟ್

ಫೈಲು ಪ್ರೆಸ್ಸಿಗೆ ಹೋಗುವ ದಿನ ಬಂತು. ಅವತ್ತು ಬೆಳಿಗ್ಗೆ ಸಾರ್ ಏನೂ ವಾದ ಮಾಡಲಿಲ್ಲ. ತಮ್ಮ ಮೇಜಿನ ಮೇಲೆ ಕೈಯಿಟ್ಟುಕೊಂಡು ಬಿಸ್ಕೆಟ್ ಡಬ್ಬಿಯನ್ನೇ ನೋಡುತ್ತಾ ಕೂತಿದ್ದರು. ಅದನ್ನು ನೋಡಿ ಮೇಡಂಗೇ ಏನೋ ಅನ್ನಿಸಿರಬೇಕು. ಡಬ್ಬಿ ತೆಗೆಸಿ ನಲವತ್ತು ಕಾರ್ಡನ್ನೂ ಒಂದೊಂದಾಗಿ ಓದಿದರು. ಒಂದು ಕಾರ್ಡಿನ ಹತ್ತಿರ ಓದು ನಿಲ್ಲಿಸಿದರು. ಒಬ್ಬ ಆಳಿನ ಹೆಸರು. ಅರ್ಥ: 'ತಾನು ಉಣ್ಣದ ಊಟವನ್ನು ಹೊಗಳುವವನು.'

ಮೇಡಂ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಂಥವರು ನಮ್ಮ ರೈಲ್ವೆ ಡಿವಿಷನ್ನಿನಲ್ಲೇ ನಾಲ್ಕು ಜನ ಇದ್ದರು, ಇದು ಹೆಸರಲ್ಲ, ಪದವೇ, ಹಳೇ ರೋಮಿನವರ ಕೈಯಲ್ಲಿ ಮಾತ್ರ ಇಂಥದ್ದು ಹುಟ್ಟುತ್ತದೆ ಎಂದರು. ಇವನೊಬ್ಬನಿಗೆ ಸೀಟು, ಬೇರೆ ಯಾರಿಗೂ ಇಲ್ಲ ಎಂದು ಟಿಕ್ ಹಾಕಿ ಕಾರ್ಡನ್ನು ನನಗೆ ಕೊಟ್ಟರು.

ಟೈಪ್ ಮಾಡಲು ಕೂತಾಗ ನೋಡಿದೆ. ಉಳಿದ ಎಲ್ಲ ಕಾರ್ಡಿನಲ್ಲೂ 'ಮೂಲ' ಎಂಬಲ್ಲಿ ನಾಟಕ, ಅಂಕ, ಸಾಲು ಇತ್ತು. ಇದರಲ್ಲಿ ಖಾಲಿ. ಮೂಲ ಇಲ್ಲದ ಯಾವುದನ್ನೂ ಹತ್ತಿಸಕೂಡದು ಎಂಬುದು ಮೇಡಂ ಹಾಕಿದ ಮೊದಲ ನಿಯಮ. ಕಾರ್ಡು ಹಿಡಿದುಕೊಂಡು ಸಾರ್ ಹತ್ತಿರ ಹೋದೆ.

ಸಾರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿವಿ ಕೆಂಪಾಯಿತು.

"ಇದು ಬಿ.ಎ. ಓದುವಾಗ ಕಾಲೇಜ್ ಡೇಗೆ ನಾನು ಬರೆದ ಲ್ಯಾಟಿನ್ ನಾಟಕದ್ದಮ್ಮಾ. ಆ ಆಳಿನ ಪಾರ್ಟು ನಂದೇ. ಇಬ್ಬರು ಪಾದ್ರಿಗಳು ನೋಡಿದರು. ಒಬ್ಬರು ನಕ್ಕರು. ಕಾರ್ಡಿನ ಮೇಲೆ ಹೇಗೆ ಕಾಣುತ್ತೆ ನೋಡೋಣ ಅಂತ ಒಂದು ಸಲ ಬರೆದೆ. ಉಳಿದವರ ಜೊತೆ ಸೇರಿಬಿಟ್ಟಿದೆ."

ಮೇಡಂಗೆ ಹೇಳಿದರೆ ಇರುವ ಒಂದು ಸೀಟೂ ಹೋಗುತ್ತದೆ. ಹೇಳದಿದ್ದರೆ ರೋಮಿನವರು ಕೇಳೇ ಇರದ ಹೆಸರೊಂದು ನಿಘಂಟಿನಲ್ಲಿ ಶಾಶ್ವತವಾಗಿ ಕೂರುತ್ತದೆ.

"ಮಿಕ್ಕ ಮೂವತ್ತೊಂಬತ್ತನ್ನೂ ಯಾರೋ ಕಟ್ಟಿದ್ದೇ ಅಲ್ಲವೇನಮ್ಮಾ?" ಎಂದರು ಸಾರ್, ಬಹಳ ಗಂಭೀರವಾಗಿ. "ನಾನು ಎರಡು ಸಾವಿರ ವರ್ಷ ಲೇಟು. ಅಷ್ಟೇ."

ಪಕ್ಕದ ರೂಮಿನಿಂದ ಮೇಡಂ, ಅವನನ್ನು ಹತ್ತಿಸಿದ್ದಾಯ್ತಾ ಎಂದು ಕೇಳಿದರು. ಸಾರ್ ಕಾರ್ಡನ್ನು ನನ್ನ ಕೈಗೆ ವಾಪಸ್ ಇಟ್ಟು, ದನಿ ತಗ್ಗಿಸಿದರು.

"ಮೂಲ ಅನ್ನೋ ಕಡೆ ನೀನೇ ಏನಾದರೂ ಒಂದು ಹಾಕಿಬಿಡಮ್ಮಾ."