ಕಂಬಳಿ ಹೊದ್ದ ತೊಟ್ಟಿ

ಪಾಲಾಕ್ಷನ ಅವ್ವ ಲಕ್ಷ್ಮಕ್ಕನಿಗೆ ಮಂಡಿ ಹಿಡಿದುಕೊಂಡದ್ದೇ ಎಲ್ಲಕ್ಕೂ ಮೂಲ. ಮಂಡಿನೋವು ಯಾರಿಗಿಲ್ಲ ಹೇಳಿ. ಆದರೆ ಲಕ್ಷ್ಮಕ್ಕನ ಮಂಡಿಗೆ ಬಿಸಿನೀರೊಂದೇ ಮದ್ದು, ಆ ಬಿಸಿನೀರು ಇರುವುದು ಚಳ್ಳಕೆರೆಯ ತನ್ನ ಮನೆಯ ಗೀಜರಿನಲ್ಲಿ ಮಾತ್ರ ಎಂದು ಮಗಳು ಜಯಕ್ಕ ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದಳು.

"ನಾಳೆ ಮಧ್ಯಾಹ್ನ ಬರ್ತೀನಿ ಕಣೋ ಪಾಲಾಕ್ಷ. ಸಂಜೆ ಬಸ್ಸಿಗೆ ಅವ್ವನ್ನ ಕರ್ಕೊಂಡು ಹೋಗ್ತೀನಿ. ಇನ್ಮೇಲೆ ಅವ್ವ ನಮ್ಮನೇಲೇ ಇರ್ಲಿ."

"ನಂಗೆ ಬಸ್ಸಿನ ಮೆಟ್ಲು ಹತ್ತಕ್ಕೇ ಆಗಲ್ಲ, ಎಲ್ಲಿಗೆ ಬರ್ಲೇ?" ಎಂದು ಲಕ್ಷ್ಮಕ್ಕ ಪಕ್ಕದಿಂದ ಗೊಣಗಿದಳು.

"ನಾವಿಬ್ರು ಎತ್ತಿ ಕೂರಿಸ್ತೀವಿ ಬಿಡವ್ವ," ಎಂದಳು ಜಯಕ್ಕ.

ಆ 'ಇನ್ಮೇಲೆ' ಪಾಲಾಕ್ಷನ ಎದೆಗೆ ಜಾಲಿಮುಳ್ಳಿನಂತೆ ನಾಟಿತು. ಅವನಿಗೆ ನಲವತ್ತು ದಾಟಿದೆ, ಮನೆಯಲ್ಲಿ ಹೆಂಡತಿಯಿದ್ದಾಳೆ, ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಕಂಬಳಿ ಅಂಗಡಿಯಿದೆ. ಆದರೂ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ "ಅವ್ವಾ" ಎಂದು ಕೂಗುತ್ತಾನೆ. ಆ ಕೂಗಿಗೆ ಓಗೊಡಲು ಅವ್ವನೇ ಇಲ್ಲದ ಮನೆಯನ್ನು ನೆನೆದು ಅವನು ರಾತ್ರಿಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅವನೂ ಸುಮ್ಮನೆ ಕೂತಿರಲಿಲ್ಲ ಅನ್ನಿ. ಹೊಸಪೇಟೆಯ ಕಡೆ ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಒಂದು ಹಳೆಯ ಹಾಟ್ ಟಬ್ಬನ್ನು ಲಗೇಜ್ ಆಟೋದಲ್ಲಿ ತಂದು ಹಿತ್ತಲಲ್ಲಿ ಇಳಿಸಿದ್ದ. ನಾಲ್ಕು ಜನ ಕುತ್ತಿಗೆಯವರೆಗೆ ಮುಳುಗಿ ಕೂರುವಂಥ ತೊಟ್ಟಿ. ನೀರು ಕಾಯಿಸಲು ಅದರಲ್ಲೇ ಹೀಟರು, ನೀರು ಸುತ್ತಿಸಲು ಅದರಲ್ಲೇ ಪುಟ್ಟ ಪಂಪು. ಮಾರಿದವನು ಎರಡು ಸಂಗತಿ ಮಾತ್ರ ಹೇಳಿರಲಿಲ್ಲ. ಶಾಖ ಹೊರಗೆ ಹೋಗದಂತೆ ತಡೆಯಲು ತೊಟ್ಟಿಯ ಗೋಡೆಯೊಳಗೆ ತುಂಬಿದ್ದ ಫೋಮನ್ನು ಹೆಗ್ಗಣಗಳು ಊಟ ಮಾಡಿದ್ದವು. ಮೇಲಿನ ಮುಚ್ಚಳ ಇರಲೇ ಇಲ್ಲ.

ಮಾರನೆಯ ಬೆಳಿಗ್ಗೆ ಪಾಲಾಕ್ಷ ತೊಟ್ಟಿಗೆ ನಲ್ಲಿಯ ನೀರು ತುಂಬಿಸಿ, ದೇವರಿಗೆ ಕೈಮುಗಿದು ಹೀಟರಿನ ಸ್ವಿಚ್ಚು ಒತ್ತಿದ. ತೊಟ್ಟಿ ಒಮ್ಮೆ ಗುರ್ ಎಂದಿತು. ಆಮೇಲೆ ಇಡೀ ಬೀದಿಯ ಕರೆಂಟು ಹೋಯಿತು.

ಪಕ್ಕದ ಮನೆಯ ಲಕ್ಷ್ಮೀದೇವಿ ಅರ್ಧ ರುಬ್ಬಿದ ಚಟ್ನಿಯ ಜಾರು ಹಿಡಿದುಕೊಂಡೇ ಹೊರಗೆ ಬಂದಳು. ಎದುರುಮನೆಯ ನೇಕಾರ ಯರ್ರಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದ. ಲೈನ್‌ಮನ್ ಗೋವರ್ಧನ ಕಂಬ ಹತ್ತಿ, ಇಳಿದು, ಹಿತ್ತಲಿಗೇ ಬಂದು ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಇದು ಹಿಟ್ಟಿನ ಗಿರಣಿ ಎಳ್ದಂಗೆ ಕರೆಂಟ್ ಎಳೀತೈತಲ್ಲೋ ಮಾರಾಯ. ಇನ್ನೊಂದ್ಸಲ ಈ ಹೀಟ್ರು ಹಾಕಿದ್ರೆ ನಿಮ್ಮನೆ ವೈರೇ ಕತ್ತರಿಸ್ತೀನಿ ನೋಡು."

"ಅವ್ವನ ಮಂಡಿಗೆ ಕಣಣ್ಣ. ಸಂಜೆಯೊಳಗೆ ನೀರು ಕಾಯ್ಲಿಲ್ಲ ಅಂದ್ರೆ ಅವ್ವ ಚಳ್ಳಕೆರೆಗೆ ಹೋಗ್ತಾಳೆ."

ಇಷ್ಟು ಹೇಳಿದ್ದೇ ತಡ, ಬೀದಿಗೆ ಬೀದಿಯೇ ಅವನ ಪರವಾಯಿತು. ಪಾಲಾಕ್ಷನಿಗೆ ನಿಜವಾದ ಕಷ್ಟ ಶುರುವಾದದ್ದೇ ಆಗ.

"ಏಮಪ್ಪಾ, ಗೋಡೆಯೊಳಗೆ ಶೇಂಗಾ ಸಿಪ್ಪೆ ತುಂಬು. ಅದ್ರಾಗೆ ಶಾಖ ಸೇರಿದ್ರೆ ಹೊರಗೆ ಬರಲ್ಲ," ಎಂದ ಯರ್ರಪ್ಪ. ಸಿಪ್ಪೆಯ ಚೀಲಗಳು ಬಂದವು. ತೊಟ್ಟಿಯ ಹಲಗೆ ಬಿಚ್ಚಿ ಸಿಪ್ಪೆ ತುರುಕುವುದರಲ್ಲಿ ಪಾಲಾಕ್ಷನ ಮೂಗು, ಕಿವಿ, ಬನೀನು ಎಲ್ಲವೂ ತುಂಬಿದವು.

"ಅದೆಲ್ಲ ಸರಿ. ಕಾಯಿಸೋದು ಹೆಂಗೆ?" ಎಂದಳು ಲಕ್ಷ್ಮೀದೇವಿ.

ಆಗ ಪಾಲಾಕ್ಷನಿಗೆ ತನ್ನ ಅಂಗಡಿ ನೆನಪಾಯಿತು. ಇಪ್ಪತ್ತು ವರ್ಷದಿಂದ ಅವನು ಗಿರಾಕಿಗಳಿಗೆ ಹೇಳುತ್ತ ಬಂದಿರುವುದು ಒಂದೇ ಮಾತು: "ಈ ಕಂಬಳಿ ಒಂದ್ ಹೊದ್ಕೊಳ್ರಿ, ಒಲೆ ಮುಂದೆ ಕೂತಂಗೆ ಇರ್ತೈತೆ." ಸಾವಿರ ಸಲ ಹೇಳಿ ಹೇಳಿ ಆ ಮಾತನ್ನು ಅವನೇ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದ. ಒಂದು ಕಂಬಳಿ ಒಬ್ಬ ಮನುಷ್ಯನನ್ನು ಕಾಯಿಸುವುದಾದರೆ ಅಂಗಡಿಯ ಅಷ್ಟೂ ಕಂಬಳಿ ಒಂದು ತೊಟ್ಟಿ ನೀರನ್ನು ಕಾಯಿಸಲಾರವೇ?

ಅಂಗಡಿ ಖಾಲಿ ಮಾಡಿ ತಂದ. ತಣ್ಣೀರು ತುಂಬಿದ್ದ ತೊಟ್ಟಿಯ ಸುತ್ತ ಕಂಬಳಿ ಸುತ್ತಿದ, ಮೇಲೆ ಕಂಬಳಿ ಹೊದಿಸಿದ, ಹಗ್ಗ ಬಿಗಿದ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೀರು ಕಾಯುವುದನ್ನೇ ಕಾಯತೊಡಗಿದ.

"ತೊಟ್ಟಿಗೆ ಚಳಿಜ್ವರ ಬಂದೈತಾ?" ಎಂದು ಲಕ್ಷ್ಮೀದೇವಿ ಗೋಡೆಯ ಮೇಲಿಂದ ಇಣುಕಿದಳು. ಪಾಲಾಕ್ಷ ಹಗ್ಗವನ್ನು ಇನ್ನಷ್ಟು ಬಿಗಿದ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಜಯಕ್ಕ ಬಂದಳು. ಬಂದವಳ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕರೆ ಅವಳ ಅತ್ತೆ ಸೂರಮ್ಮನದು. ಸೂರಮ್ಮನ ಬಾಯಿ ಚಳ್ಳಕೆರೆಗೆಲ್ಲ ಗೊತ್ತು. ಪಾಲಾಕ್ಷ ಪ್ರೀತಿಯಿಂದ ಕೊಟ್ಟ ಕಂಬಳಿಯನ್ನು ಚುಚ್ಚುತ್ತದೆ ಎಂದು ವಾಪಸು ಕಳಿಸಿದ ಹೆಂಗಸು ಆಕೆ. "ಸಾರಿಗೆ ಉಪ್ಪು ಜಾಸ್ತಿ ಅಂತ ಬಯ್ಯಕ್ಕೆ ಇಲ್ಲೀಗಂಟ ಫೋನ್ ಮಾಡ್ತಾರೆ," ಎಂದು ಜಯಕ್ಕ ಫೋನನ್ನು ಬ್ಯಾಗಿನ ತಳಕ್ಕೆ ತುರುಕಿ, ಕಂಬಳಿಯ ಅಂಚೆತ್ತಿ ನೀರಿಗೆ ಬೆರಳು ಅದ್ದಿದಳು.

"ಫ್ರಿಜ್ಜಾ ಇದು? ಒಳ್ಳೇದು ಬಿಡು, ಮಜ್ಜಿಗೆ ಇಡಬಹುದು."

ಪಾಲಾಕ್ಷ ಕೈ ಅದ್ದಿದ. ನೀರು ಬೆಳಗಿನಷ್ಟೇ ತಣ್ಣಗಿತ್ತು. ಅವನಿಗೆ ಅಳು ಬಂತು.

ಅವನ ಹೆಂಡತಿ ರೂಪ ಅಷ್ಟು ಹೊತ್ತೂ ಅಡುಗೆಮನೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಕಂಬಳಿ ಬಿಸಿ ಮಾಡಲ್ಲ ರೀ, ಇರೋ ಬಿಸಿನ ಹಿಡ್ಕೊಂತೈತೆ. ನಮ್ ಮೈ ಬೆಚ್ಚಗಿರ್ತೈತೆ, ಅದಕ್ಕೆ ನಮಗೆ ಬೆಚ್ಚಗಾಗ್ತೈತೆ. ತಣ್ಣೀರಿಗೆ ಹೊದಿಸಿದ್ರೆ ಅದು ತಣ್ಣಗೇ ಇರ್ತೈತೆ."

"ಬೆಳಿಗ್ಗೆನೇ ಹೇಳ್ಬಾರ್ದಿತ್ತಾ?"

"ನನ್ನ ಕೇಳಿದ್ರಾ? ಬೀದಿನೆಲ್ಲ ಕೇಳಿದ್ರಿ." ಅವಳು ಮಾಳಿಗೆಯತ್ತ ಕೈ ತೋರಿಸಿದಳು. ಹೊಲದಿಂದ ತಂದು ಹಾಕಿದ, ಡ್ರಿಪ್ಪಿಗೆ ನೀರು ಒಯ್ಯುವ ತೂತಿಲ್ಲದ ಕರಿ ಪೈಪಿನ ಸುರುಳಿ ಅಲ್ಲಿ ಬಿಸಿಲಿಗೆ ಬಿದ್ದಿತ್ತು. "ಮಧ್ಯಾಹ್ನ ಅದ್ರಲ್ಲಿ ನಿಂತಿರೋ ನೀರು ಮುಟ್ಟಿ ನೋಡ್ರಿ, ಕೈ ಸುಡ್ತೈತೆ."

ಪಾಲಾಕ್ಷ ಮಾಳಿಗೆಗೆ ಓಡಿದ. ಸುರುಳಿ ಬಿಚ್ಚಿ ಮಾಳಿಗೆಯ ತುಂಬ ಹಾವಿನಂತೆ ಹರಡಿದ. ಒಂದು ತುದಿ ಪಂಪಿಗೆ, ಇನ್ನೊಂದು ತುದಿ ತೊಟ್ಟಿಗೆ. ಮೇಲೆ ಪೈಪು ಕಳಚಿದರೆ ಹತ್ತುವುದು, ಕೆಳಗೆ ಕಳಚಿದರೆ ಇಳಿಯುವುದು. "ಲೇ, ಎಡಕ್ಕೆ ತಿರುಗ್ಸು," ಎಂದು ಯರ್ರಪ್ಪ. "ಅಲ್ಲ, ಬಲಕ್ಕೆ," ಎಂದು ಲಕ್ಷ್ಮೀದೇವಿ. ಮೆಟ್ಟಿಲು ಹತ್ತಿಳಿದು ಪಾಲಾಕ್ಷನಿಗೆ ಕಾಲುಗಳು ತನ್ನವೇ ಅಲ್ಲವೆನ್ನಿಸಿತು. ಗೋವರ್ಧನ ಬಂದು ಪಂಪನ್ನು ಪರೀಕ್ಷಿಸಿ, "ಇದು ಫ್ಯಾನಿನಷ್ಟು ಎಳೀತೈತೆ, ಅಷ್ಟೆ. ಹಾಕ್ಕೋ," ಎಂದು ಅಪ್ಪಣೆ ಕೊಟ್ಟ.

ತೊಟ್ಟಿಯ ನೀರು ಮಾಳಿಗೆ ಹತ್ತಿ, ಬಿಸಿಲು ಕುಡಿದು, ಮತ್ತೆ ತೊಟ್ಟಿಗೆ ಇಳಿಯತೊಡಗಿತು. ಬಂದ ಶಾಖವನ್ನು ಸಿಪ್ಪೆಯೂ ಕಂಬಳಿಯೂ ಹೊರಗೆ ಬಿಡಲಿಲ್ಲ. ಹೊತ್ತು ಇಳಿಯುವಾಗ ಕಂಬಳಿಯ ಸಂದಿಯಿಂದ ಹಬೆ ಏಳುವುದನ್ನು ಕಂಡು ಪಾಲಾಕ್ಷ ನಿಂತಲ್ಲೇ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಕುರಿ ಕಾಯುವ ಕಾಮಣ್ಣನ ಮಂದೆ ಹಿತ್ತಲ ದಾರಿಯಲ್ಲಿ ಬಂತು. ಬೆಚ್ಚಗೆ ಉಣ್ಣೆ ಹೊದ್ದು ಕೂತ ಆ ದೊಡ್ಡ ಆಕಾರವನ್ನು ಕುರಿಮರಿಯೊಂದು ಏನೆಂದುಕೊಂಡಿತೋ, 'ಬ್ಯಾ' ಎನ್ನುತ್ತ ನೇರ ಅದರ ಮೇಲೆ ಜಿಗಿಯಿತು. ಕಂಬಳಿ ಕುಸಿದು ಮರಿ ನೀರಿಗೆ ಬಿತ್ತು. ಕಾಮಣ್ಣ ಎಷ್ಟು ಎಳೆದರೂ ಅದು ಹೊರಗೆ ಬರಲೊಲ್ಲದು.

"ಕುರಿ ಬಿದ್ದ ನೀರಲ್ಲಿ ಅವ್ವ ಕೂರ್ತಾಳಾ? ಏಳವ್ವ, ಬಸ್ಸಿಗೆ ಹೊತ್ತಾಯ್ತು," ಎಂದಳು ಜಯಕ್ಕ.

ಲಕ್ಷ್ಮಕ್ಕ ಕೋಲೂರಿ ಎದ್ದಳು. ಆದರೆ ಅವಳು ಹೋದದ್ದು ತೊಟ್ಟಿಯ ಕಡೆಗೆ. "ಕುರಿ ಜೊತೆ ಹುಟ್ಟಿ ಬೆಳ್ದೋಳು ನಾನು, ನಂಗೇನು ಹೇಸಿಗೆ? ಅದಕ್ಕೆ ಹಿತ ಆಗೈತೆ, ನಂಗೂ ಆಗ್ತೈತೆ. ಗಂಡಸ್ರೆಲ್ಲ ಆ ಕಡೆ ನಡೀರಿ."

ಕಂಬಳಿಗಳನ್ನೇ ಮರೆ ಕಟ್ಟಿದರು. ಜಯಕ್ಕ, ರೂಪ ಇಬ್ಬರೂ ಹಿಡಿದು ಲಕ್ಷ್ಮಕ್ಕನನ್ನು ನೀರಿಗಿಳಿಸಿದರು. ಆಮೇಲೆ "ಅಪ್ಪಪ್ಪಾ, ಜೀವ ಬಂತು" ಎಂಬ ದನಿ ಕೇಳಿತು. ಗೆದ್ದೆ ಎಂದುಕೊಂಡ ಪಾಲಾಕ್ಷ. ಬೆಳಗಿನಿಂದ ಎದೆಯ ಮೇಲಿದ್ದ ಭಾರ ಇಳಿದು ಬೀದಿಗೆಲ್ಲ ಚಹಾ ಮಾಡಿಸಿದ.

ಚಹಾ ಮುಗಿಯುವಷ್ಟರಲ್ಲಿ ಲಕ್ಷ್ಮಕ್ಕ ಒಣಸೀರೆ ಉಟ್ಟು ಬಂದಳು. ಕೈಯಲ್ಲಿ ಕೋಲಿರಲಿಲ್ಲ, ಬ್ಯಾಗಿತ್ತು.

"ನಡಿಯೇ ಜಯ, ಬಸ್ಸು ಸಿಗ್ತೈತೆ."

"ಅವ್ವಾ, ಬಿಸಿನೀರು ಇಲ್ಲೇ ಐತಲ್ಲ," ಎಂದ ಪಾಲಾಕ್ಷ.

"ಐತಲ್ಲಪ್ಪ, ಅದಕ್ಕೇ ಹೊರಟಿರೋದು. ಬಸ್ ಹತ್ತೋ ಹಂಗೆ ಮಾಡಿದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ."

ಯಾರೂ ಎತ್ತಬೇಕಾಗಲಿಲ್ಲ. ಬಸ್ಸಿನ ಎತ್ತರದ ಮೆಟ್ಟಿಲನ್ನು ಅವಳೇ ಹತ್ತಿ ಕಿಟಕಿಯ ಪಕ್ಕ ಕೂತಳು. ಕೆಳಗೆ ನಿಂತ ಮಗನ ಮುಖ ನೋಡಿ ನಕ್ಕಳು.

"ಯಾಕೋ ಹಂಗೆ ಮುಖ ಮಾಡ್ತೀಯ? ನಾಡಿದ್ದು ಬರ್ತೀನಿ. ಜಯನ ಮನೆ ಗೀಜರ್ರು ಬಕೀಟಿಗೆ ಬಿಡ್ತೈತೆ, ಅದ್ರಾಗೆ ಮುಳುಗಕ್ಕಾಗ್ತೈತಾ? ಮಂಡಿ ವಾಸಿ ಆಗಿದ್ದು ಅವರಿಗೆ ತೋರಿಸಿ ಬರ್ತೀನಿ, ಅಷ್ಟೆ."

ಪಾಲಾಕ್ಷನಿಗೆ ಹೋದ ಜೀವ ಬಂದಂತಾಯಿತು. ಕಿಟಕಿಯ ಕಂಬಿಯ ಮೇಲಿದ್ದ ಅವ್ವನ ಕೈ ಹಿಡಿದು, "ಸರಿ ಕಣವ್ವ," ಎಂದ.

ಬಸ್ಸು ಹೊರಟಾಗ ಅವಳು ತಲೆ ಹೊರಗೆ ಹಾಕಿ ಕೂಗಿದಳು: "ಬರೋವಾಗ ಸೂರಮ್ಮನ್ನೂ ಕರ್ಕೊಂಡು ಬರ್ತೀನಿ. ಅವಳ ಮಂಡಿ ನನ್ನದಕ್ಕಿಂತ ಕೆಟ್ಟೈತೆ ಪಾಪ. ಇನ್ಮೇಲೆ ನಮ್ಮನೇಲೇ ಇರ್ಲಿ."

ಅವ್ವನ ಪಕ್ಕದ ಸೀಟಿನಲ್ಲಿ ಜಯಕ್ಕನ ಮುಖ ಕಾಣಿಸಿತು. ಬಂದಾಗಿನಿಂದ ಗಂಟು ಹಾಕಿಕೊಂಡಿದ್ದ ಆ ಮುಖ ಮೊದಲ ಸಲ ಅರಳಿತ್ತು. ತಮ್ಮನಿಗೆ ಅವಳು ಕೈ ಬೀಸಿದಳು.

ಮನೆಯತ್ತ ತಿರುಗಿ ನಾಲ್ಕು ಹೆಜ್ಜೆ ಹಾಕಿದಾಗ ಪಾಲಾಕ್ಷನಿಗೆ ತನ್ನ ಬಲ ಮಂಡಿ ಮಡಚಲಾಗುತ್ತಿಲ್ಲ ಎಂದು ಗೊತ್ತಾಯಿತು. ದಿನವೆಲ್ಲ ಮಾಳಿಗೆ ಹತ್ತಿಳಿದದ್ದರ ಫಲ. ಹೋಗಲಿ, ಅವ್ವ ಬರುತ್ತಾಳೆ, ನೀರು ಇನ್ನೂ ಬಿಸಿಯಿದೆ, ಹೋಗಿ ಮುಳುಗಿಬಿಟ್ಟರಾಯಿತು ಎಂದು ಸಮಾಧಾನ ಮಾಡಿಕೊಂಡು ಕುಂಟುತ್ತ ಹಿತ್ತಲಿಗೆ ಬಂದು ತೊಟ್ಟಿಯ ಕಂಬಳಿ ಎತ್ತಿದ.

ತೊಟ್ಟಿಯೊಳಗೆ ಯರ್ರಪ್ಪ, ಗೋವರ್ಧನ, ಕಾಮಣ್ಣ ಕುತ್ತಿಗೆಯವರೆಗೆ ಮುಳುಗಿದ್ದರು. ನಾಲ್ಕನೆಯ ಜಾಗದಲ್ಲಿ ಕುರಿಮರಿ ಇನ್ನೂ ಇತ್ತು.

"ಕಂಬಳಿ ಎತ್ತಬೇಡ್ಲೇ ಪಾಲಾಕ್ಷ, ಶಾಖ ಹೋಗ್ತೈತೆ," ಎಂದ ಯರ್ರಪ್ಪ, ಕಣ್ಣು ತೆರೆಯದೆ.