ಮೂಲೆಯಿಂದ ಮೂಲೆಗೆ ಅಳೆದ ಟಿ.ವಿ.

ನನಗೆ ಓದುಬರಹ ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ಊರು ವಾಡಿಯನ್ನೂ ದಾಟಿರುತ್ತದೆ. ಆದರೆ ಅಳತೆಯಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಎಂಬ ಸೊಕ್ಕಿತ್ತು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಇಪ್ಪತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತು ಜೋಡಿಸಿದವಳು ನಾನು. ದೂರದಿಂದ ನೋಡಿದರೆ ಸಾಕು, ಕಲ್ಲು ಎರಡು ಫೂಟಿನದೋ ಒಂದೂವರೆಯದೋ ಹೇಳುತ್ತಿದ್ದೆ. ಮದುವೆಗೆ ಮುಂಚೆ ಗಂಡನನ್ನೂ ಹಾಗೇ ಅಳೆದೆ. ಎತ್ತರ ಸರಿಯಿತ್ತು, ಬುದ್ಧಿ ಅಳೆಯುವುದು ಮರೆತುಹೋಯಿತು. ಇರಲಿ, ಈಗ ಅವನಿಲ್ಲ, ಅಳೆದು ಫಲವಿಲ್ಲ.

ನಮ್ಮ ಪಡಸಾಲೆಗೆ ಒಂದು ಕಿಟಕಿ. ಒಂದೇ ಬಾಗಿಲಿನದು, ಒಳಕ್ಕೆ ತೆರೆದು ಗೋಡೆಗೆ ಒರಗಿಸಬೇಕು. ಅದರ ಹೊರಗೇ ಓಣಿಯ ನಳ. ಯಾರ ಕೊಡ ಮೊದಲು ತುಂಬಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಎಲ್ಲ ಸುದ್ದಿಯೂ ನಾನು ಕೂತಲ್ಲಿಗೇ ಬರುತ್ತದೆ. ಎದುರುಮನೆಯ ಖಾಸಿಂಬಿ ಕಿಟಕಿಯ ಸರಳು ಹಿಡಿದು ನಿಂತಳೆಂದರೆ, ಅವಳ ಕೊಡ ತುಂಬಿ ಹರಿದರೂ ನಮ್ಮ ಮಾತು ಮುಗಿಯುವುದಿಲ್ಲ. ಹೀಗಿರುವಾಗ ಮಗ ಶರಣಪ್ಪ ದೊಡ್ಡ ಟಿ.ವಿ. ತರುತ್ತೇನೆಂದು ಎದ್ದ. ಅದನ್ನು ಹಾಕಲು ಖಾಲಿ ಇದ್ದದ್ದು ಆ ಕಿಟಕಿಯ ಗೋಡೆಯೊಂದೇ.

“ಯವ್ವಾ, ಕಿಟಕಿ ಮುಚ್ಚಿಬಿಟ್ರ ಅರವತ್ತೈದು ಇಂಚಿಂದು ಕುಂದರ್ತದ.”

“ಮೊದ್ಲ ನನ್ನ ಕಣ್ಣ ಮುಚ್ಚಲಿ, ಆಮ್ಯಾಲ ಕಿಟಕಿ ಮುಚ್ಚು.”

ನೆಲದ ಫರಸಿ ಎಣಿಸಿದೆ. ಗೋಡೆಯ ಮೂಲೆಯಿಂದ ಕಿಟಕಿಯ ಚೌಕಟ್ಟಿನವರೆಗೆ ಎರಡು ಫೂಟಿನ ಎರಡು ಕಲ್ಲು. ನಲವತ್ತೆಂಟು ಇಂಚು. ಅದಕ್ಕಿಂತ ಒಂದಿಂಚು ಹೆಚ್ಚಿನದು ಹೊಸಿಲು ದಾಟಕೂಡದು ಎಂದೆ. ಮಗನ ಮೇಲೆ ನಂಬಿಕೆ ಸಾಲದೆ, ಅಷ್ಟುದ್ದದ ದಾರವೊಂದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನಾನೂ ಅಂಗಡಿಗೆ ಹೋದೆ.

“ಬರ್ರಿ ಅಮ್ಮಾ, ಕುಂದ್ರಿ” ಎಂದ ಅಂಗಡಿಯವನು. ಅಳೆಯಲು ಬಂದವಳು ಕೂರುತ್ತಾಳೆಯೇ? ಮಗ ಐವತ್ತೈದು ಎಂದು ಬರೆದಿದ್ದ ಟಿ.ವಿ. ಮುಂದೆ ನಿಂತಿದ್ದ. ಅಂಕಿ ನನಗೆ ಬರುತ್ತವೆ. ದಾರ ಬಿಚ್ಚಿ ಅಡ್ಡಲಾಗಿ ಹಿಡಿದೆ. ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ಮುಗಿಯಿತು.

“ಏನಪಾ ಸಾವ್ಕಾರ, ಐವತ್ತೈದು ಅಂತ ಬರದೀಯಲ್ಲ? ಇದು ನಲವತ್ತೆಂಟೇ ಅದ!”

“ಟಿ.ವಿ. ಮೂಲಿಯಿಂದ ಮೂಲಿಗಿ ಅಳೀತಾರ್ರಿ ಅಮ್ಮಾ, ಅಡ್ಡ ಅಲ್ಲ.”

“ಹಂಗ ಅಳದು ನಾ ಕಲ್ಲ ಕೊಟ್ಟಿದ್ರ, ನಮ್ಮ ಮುಕಾದಮ ನನ್ನ ಗಣಿಯಾಗೇ ಹೂಳ್ತಿದ್ದ! ಉಳದ ಏಳಿಂಚು ಎಲ್ಲಿ ನುಂಗಿದಿ?”

ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದರು. ನನಗೂ ಹುರುಪು ಬಂತು. ಇನ್ನೆರಡು ಸಲ ಅಳೆದು ತೋರಿಸಿದೆ. ಆಗ ಶರಣಪ್ಪ ಮೆಲ್ಲಗೆ, “ಖರೆ ಅದ ಯವ್ವಾ. ನೀ ಹೇಳಿದಂಗ ನಲವತ್ತೆಂಟೇ ಅದ. ಇದನ್ನೇ ಕಟ್ಟಸ್ಲಿ?” ಎಂದ. ಅಪ್ಪನ ಎತ್ತರ ಬರಲಿಲ್ಲ, ಬುದ್ಧಿ ಮಾತ್ರ ಎಲ್ಲಿಂದಲೋ ಬಂದಿದೆ. ಕಳ್ಳನನ್ನು ಹಿಡಿದ ಸಂಭ್ರಮದಲ್ಲಿ ನಾನು ಕಳ್ಳನ ಮಾಲನ್ನೇ ಮನೆಗೆ ತಂದೆ.

ಅಳತೆಗೆ ಕಡಿದ ಕಲ್ಲಿನಂತೆ ಅದು ಮೂಲೆಗೂ ಕಿಟಕಿಗೂ ನಡುವೆ ಕೂತಿತು. ಎದೆಯುಬ್ಬಿಸಿ ಹೋಗಿ ಕಿಟಕಿ ತೆರೆದೆ. ಬಾಗಿಲು ತಿರುಗಿ ಬಂದು ಟಿ.ವಿ. ಅಂಚಿಗೆ ಠಪ್ಪೆಂದಿತು. ಕಿಟಕಿಯವರೆಗೆ ಅಳೆದಿದ್ದೆನೇ ಹೊರತು, ತೆರೆದ ಬಾಗಿಲು ಒರಗುವ ಜಾಗ ಬಿಟ್ಟಿರಲಿಲ್ಲ. ಸೊಸೆ ಮಹಾನಂದಾ ಓಡಿಬಂದಳು. “ಅತ್ತಿ, ಗಾಳಿಗಿ ಬಡದ್ರ ಟಿ.ವಿ. ಗಾಜ ಒಡೀತದ್ರಿ” ಎಂದು ತಂತಿ ಸುತ್ತಿ ಕಿಟಕಿ ಬಿಗಿದೇಬಿಟ್ಟಳು.

ಮರುದಿನ ಹೊರಗಿನಿಂದ ಖಾಸಿಂಬಿ ಕೂಗಿದಳು: “ಏ ಬಸಮ್ಮಾ, ಕಿಟಕಿ ಯಾಕ ಹಾಕೀದಿ? ಸತ್ತಿಯೇನು?”

“ಇನ್ನೂ ಇಲ್ಲ, ಟಿ.ವಿ. ತಂದೀವಿ” ಎಂದೆ.

ಓಣಿ ತಪ್ಪಿತಲ್ಲ ಎಂದು ನಾಲ್ಕು ದಿನ ಮುಖ ಊದಿಸಿಕೊಂಡು ಟಿ.ವಿ. ಹಚ್ಚದೆ ಅದರ ಮುಂದೇ ಕೂತೆ. ಆಗ ತಿಳಿಯಿತು: ಆರಿಸಿದಾಗ ಅದರ ಕರಿ ಗಾಜಿನಲ್ಲಿ ನನ್ನ ಬೆನ್ನ ಹಿಂದಿನ ಅಡುಗೆಮನೆ ಪೂರಾ ಕಾಣುತ್ತದೆ. ಸೊಸೆ ಪಲ್ಯಕ್ಕೆ ಎಣ್ಣೆ ಸುರಿಯುವುದು, ಮಗ ಡಬ್ಬಿಯಿಂದ ಶೇಂಗಾ ಹೋಳಿಗೆ ಕದಿಯುವುದು, ನಾನೇನಾದರೂ ಹೇಳಿದರೆ ಇಬ್ಬರೂ ನನ್ನ ಬೆನ್ನಿಗೆ ಮೂತಿ ತಿರುವುವುದು. ಈಗ ಮಹಾನಂದಾ ರಿಮೋಟು ಹಿಡಿದು ಬಂದರೆ, “ಹಚ್ಚಬ್ಯಾಡ, ನಾ ನೋಡಾಕತ್ತೀನಿ” ಎನ್ನುತ್ತೇನೆ. ಚಿತ್ರ ಭಾಳ ಚೆನ್ನಾಗಿ ಬರುತ್ತದೆ. ಒಂದೇ ಕೊರತೆ. ನಟ್ಟನಡುವೆ ಒಬ್ಬ ಮುದುಕಿ ಅಡ್ಡ ಕೂತಿರುತ್ತಾಳೆ. ಎಷ್ಟು ದುರುಗುಟ್ಟಿ ನೋಡಿದರೂ ಏಳುವುದಿಲ್ಲ, ತಿರುಗಿ ನನ್ನನ್ನೇ ದುರುಗುಟ್ಟುತ್ತಾಳೆ.