ಧರ್ಮಪ್ಪಂದಿರ ನಡುವೆ ಒಂದು ಸ್ಕೇಲು

ಕಂಪ್ಯೂಟರಿನ ಮುಂದೆ ಕೂತವರೆಲ್ಲ ಬುದ್ಧಿವಂತರೆಂದು ನಂಬುವವರು ಇನ್ನೂ ಇದ್ದಾರೆ. ನನ್ನ ನೌಕರಿ ಉಳಿದಿರುವುದೇ ಅವರ ದೆಸೆಯಿಂದ. ಶನಿವಾರಸಂತೆಯ ಕಲ್ಯಾಣ ಮಂಟಪವೊಂದರಲ್ಲಿ ಬುಕಿಂಗ್ ನೋಡಿಕೊಳ್ಳುವವನು ನಾನು. ಕಾಫಿ ಪಿಕಿಂಗ್ ಮುಗಿಯಿತೆಂದರೆ ನಮ್ಮಲ್ಲಿ ಮದುವೆಗಳ ಸುಗ್ಗಿ. ಪರದೆಯ ತುಂಬ ಹೆಸರುಗಳ ಸಾಲುಗಳು. ನಾವು ಯಾವ ಸಾಲಿನಲ್ಲಿದ್ದೇವೆಂದು ತೋರಿಸಲು ಎಡ ಅಂಚಿನಲ್ಲಿ ಎಳ್ಳಿನಷ್ಟು ಬಾಣದ ಗುರುತು. ನನ್ನ ಕನ್ನಡಕಕ್ಕೂ ಅದಕ್ಕೂ ಆಗಿಬರುವುದಿಲ್ಲ. ಹಾಗಾಗಿ ಬೇಕಾದ ಸಾಲನ್ನು ಒತ್ತಿ, ಅದರ ಕೆಳಗೆ ಸ್ಟೀಲ್ ಸ್ಕೇಲು ಹಿಡಿಯುವುದು ನನ್ನ ಪದ್ಧತಿ. ಸಾಫ್ಟ್‌ವೇರ್ ಮಾಡಿಕೊಟ್ಟ ಕುಶಾಲನಗರದ ನವೀನ, "ಅಣ್ಣ, ನೀವಿರೋ ಸಾಲು ಪೂರ್ತಿ ಹಳದಿ ಆಗೋ ಹಂಗೆ ಮಾಡ್ಕೊಡ್ತೀನಿ" ಎಂದಾಗ, "ಬಣ್ಣ ಗಿಣ್ಣ ಎಲ್ಲ ನಿಮ್ಮಂಥೋರಿಗೆ" ಎಂದು ಸಾಗಹಾಕಿದ್ದೆ.

ಈ ಕಡೆ ಧರ್ಮಪ್ಪ ಎಂಬ ಹೆಸರಿಗೆ ಬರವಿಲ್ಲ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದವನು ನಾನೇ ಆದ್ದರಿಂದ, ಊರೂರಿನ ಧರ್ಮಪ್ಪಂದಿರು ಒಬ್ಬರ ಕೆಳಗೊಬ್ಬರು ಕೂತಿದ್ದರು. ಒಂದು ದಿನ ಕೊಡ್ಲಿಪೇಟೆಯ ಧರ್ಮಪ್ಪನವರು ಫೋನ್ ಮಾಡಿ, ಮನೆಯಲ್ಲಿ ಸೂತಕ, ಮಗನ ಮದುವೆ ಮುಂದಕ್ಕೆ ಹೋಯಿತು ಎಂದರು. ಅವರ ಸಾಲು ಒತ್ತಿ ಸ್ಕೇಲು ಹಿಡಿದೆ. ಅಷ್ಟರಲ್ಲಿ ಅಡುಗೆ ಭಟ್ಟರು ಬಾಗಿಲಲ್ಲಿ ನಿಂತು ಸಿಲಿಂಡರ್ ಪುರಾಣ ತೆಗೆದರು. ಅವರತ್ತ ತಿರುಗುವಾಗ ನನ್ನ ಮೊಣಕೈ ಕೀಬೋರ್ಡಿಗೆ ತಗುಲಿ ಬಾಣ ಒಂದು ಸಾಲು ಕೆಳಗಿಳಿದಿದೆ. ಸ್ಕೇಲು ಮಾತ್ರ ಇದ್ದಲ್ಲೇ ಇತ್ತು. ಅದನ್ನು ನಂಬಿ ರದ್ದು ಗುಂಡಿ ಒತ್ತಿದೆ. ರದ್ದಾದದ್ದು ಕೆಳಗಿನ ಸಾಲಿನ, ನಮ್ಮೂರಿನದೇ ಧರ್ಮಪ್ಪನವರ ಮಗಳ ಮದುವೆ.

ಹೆಣ್ಣು, ಗಂಡು ಎರಡೂ ಕಡೆಯ ನಂಬರ್ ಬರೆದುಕೊಳ್ಳುವುದು ನಮ್ಮ ರೂಢಿ. ಬುಕಿಂಗ್ ರದ್ದಾಯಿತೆಂದು ಎರಡೂ ಮನೆಗೆ ತಾನಾಗಿಯೇ ಮೆಸೇಜು ಹೋಯಿತು. ಗಂಡಿನ ಕಡೆಯವರು ನಮ್ಮನ್ನು ವಿಚಾರಿಸಲಿಲ್ಲ. ಹುಡುಗಿಗೆ ಇಷ್ಟವಿಲ್ಲವೆಂದು ತಾವೇ ತೀರ್ಮಾನಿಸಿದರು. ಊರಿನ ಧರ್ಮಪ್ಪನವರು ಜೀಪಿನಿಂದ ಇಳಿದವರೇ, "ನನ್ ಮಗ್ಳು ಬೆಳಗ್ಗಿಂದ ಅಳ್ತಾ ಕೂತವ್ಳೆ ಕಣ್ರೀ. ಮದ್ವೆ ನಿಲ್ಸಕ್ಕೆ ನೀವ್ಯಾರು?" ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಆ ಹುಡುಗಿಯನ್ನು ನೆನೆದು ಸಂಕಟವೂ ಆಯಿತು. ಅದೇ ಜೀಪು ಹತ್ತಿ ಗಂಡಿನ ಮನೆಗೆ ಹೊರಟೆ. ಸ್ಕೇಲು ಇನ್ನೂ ಕೈಯಲ್ಲೇ ಇದೆಯೆಂದು ತಿಳಿದದ್ದು ಅರ್ಧ ದಾರಿಯಲ್ಲಿ.

ಗಂಡಿನ ತಂದೆ ಏನು ಹೇಳಿದರೂ ಒಪ್ಪಲಿಲ್ಲ. "ಕಂಪ್ಯೂಟ್ರು ಎಲ್ಲಾದ್ರೂ ತಪ್ಪು ಮಾಡುತ್ತಾ?" ಎಂದರು. "ಕಂಪ್ಯೂಟರಲ್ಲ ಸ್ವಾಮಿ, ನಾನು" ಎಂದು, ಅವರ ಗೋಡೆಯ ಕ್ಯಾಲೆಂಡರಿನ ಮೇಲೆ ಸ್ಕೇಲು ಹಿಡಿದು, ಮೊಣಕೈ ಆಡಿಸಿ ನಡೆದದ್ದನ್ನೆಲ್ಲ ತೋರಿಸಿದೆ. ಮೊದಲು ನಕ್ಕವನು ಮದುಮಗ. ಆಮೇಲೆ ಕಾಫಿ ಬಂತು. ಮದುವೆ ಅದೇ ದಿನ ನಮ್ಮ ಮಂಟಪದಲ್ಲೇ ನಡೆಯಿತು. ಗಂಡಿನ ತಂದೆ ನನ್ನ ಕೈ ಬಿಡದೆ ನೆಂಟರಿಗೆಲ್ಲ, "ಮದ್ವೆ ಕ್ಯಾನ್ಸಲ್ ಮಾಡಿದ್ದು ಇವ್ರೇ" ಎಂದು ಪರಿಚಯಿಸಿದರು.

ನವೀನನಿಗೆ ನಾನೇ ಫೋನ್ ಮಾಡಿ ಹಳದಿ ಹಾಕಿಸಿಕೊಂಡೆ. ಮೊನ್ನೆ ಕೊಡ್ಲಿಪೇಟೆಯ ಧರ್ಮಪ್ಪನವರು ಹೊಸ ದಿನ ಹಿಡಿಯಲು ಬಂದರು. ಕಥೆ ಅವರಿಗೂ ಮುಟ್ಟಿತ್ತು. ಹೊಸ ವ್ಯವಸ್ಥೆಯನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಪರದೆಯನ್ನು ನೋಡಿದರು, ನನ್ನನ್ನೂ ನೋಡಿದರು. "ಚೆನ್ನಾಗೈತೆ. ಆದ್ರೂ ನನ್ ಹೆಸ್ರು ಬ್ಯಾಡ ಬಿಡಿ. ನಮ್ಮನೆಯೋರ ಹೆಸ್ರಲ್ಲಿ ಬರ್ಕಳಿ, ಜಯಮ್ಮ ಅಂತ" ಎಂದರು.

ಬರೆದುಕೊಂಡೆ. ಸಾಲು ಹಳದಿಯಾಗಿ ಎದ್ದು ಕಂಡಿತು. ಅದರ ಮೇಲೊಬ್ಬರು ಜಯಮ್ಮ, ಕೆಳಗೊಬ್ಬರು ಜಯಮ್ಮ. ನಾನು ಪರದೆಯನ್ನು ಮೆಲ್ಲನೆ ನನ್ನ ಕಡೆಗೆ ತಿರುಗಿಸಿಕೊಂಡೆ.